ತಾರಸಿಗೆ ಹೊದಿಸಿದ ಕಂಬಳಿಗಳು

೧೯೩೩ರಲ್ಲಿ ಮಾಲೂರಿನಲ್ಲಿ ಓದು ನಿಲ್ಲಿಸಿ, ಗಾರೆ ಕೆಲಸ ಹುಡುಕಿಕೊಂಡು ರಾಜಧಾನಿ ಮೈಸೂರಿಗೆ ಬಂದವನು ನಾನು. ಏಳೆಂಟು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದ ಮೇಲೆ ಒಂದು ಮನೆಯ ಗುತ್ತಿಗೆ ನನ್ನ ಹೆಸರಿಗೇ ಸಿಕ್ಕಿತು.

ಆ ಸಂಜೆ ತಾರಸಿಯ ಗಾರೆ ಇನ್ನೂ ಹಸಿಯಾಗಿತ್ತು. ನಮ್ಮ ಸೀಮೆಯವರೇ ಆದ ರಾಯಲ್ಪಾಡಿನ ಕಡೆಯ ಕೂಲಿ ಹೆಂಗಸರು ಹಾಡು ಹೇಳುತ್ತ ಮರದ ಕೊಡತಿಯಿಂದ ಅದನ್ನು ಬಡಿದು ಮುಗಿಸಿ ಕೆಳಗಿಳಿದಿದ್ದರು. ಆಗಲೇ ಬೆಟ್ಟದ ಕಡೆಯಿಂದ ಮೋಡ ಕವಿಯಿತು. ಗಾರೆ ಕೊಚ್ಚಿಹೋದರೆ ಈ ಗುತ್ತಿಗೆಯೂ ಹೋಯಿತು, ಇನ್ನೊಂದನ್ನು ಯಾರೂ ಕೊಡುವುದಿಲ್ಲ. ನಾಲ್ಕು ಚಾಪೆ ಹಿಡಿದು ಏಣಿಯ ಕಡೆ ಓಡಿದೆ.

ಹೆಂಗಸರಲ್ಲಿ ಹಿರಿಯಳಾದ ಮುನೆಮ್ಮ ತಡೆದಳು. "ಲೇ, ನಿಂತ್ಕೊಳೋ ಮೇಸ್ತ್ರಿ! ನಿನ್ ಚಾಪೆ ಯಾವ ಮೂಲೆಗೆ ಸಾಕಾಗ್ತವೆ?" ಎಂದವಳೇ ತನ್ನವರಿಗೆ ತೆಲುಗಿನಲ್ಲಿ ಏನೋ ಕೂಗಿ ಹೇಳಿದಳು. ಪಕ್ಕದಲ್ಲೇ ಅವರು ಹಾಕಿಕೊಂಡಿದ್ದ ಗುಡಿಸಲುಗಳಿಂದ ಕಂಬಳಿಗಳು ಬಂದವು. ಅವರಿಗಿದ್ದ ಹೊದಿಕೆಯೇ ಅಷ್ಟು. ಒಂದರ ಅಂಚಿನ ಮೇಲೆ ಇನ್ನೊಂದನ್ನು ಹಾಸಿ ಸುತ್ತಲೂ ಇಟ್ಟಿಗೆ ಹೇರುವಷ್ಟರಲ್ಲಿ ಮಳೆ ಸುರಿಯಿತು. ನೀರೆಲ್ಲ ಕಂಬಳಿಯ ಮೇಲೇ ಜಾರಿಹೋಯಿತು.

"ಅಮ್ಮಾ, ಈ ಚಳಿಗೆ ನೀವೇನು ಹೊದ್ಕೊತೀರಿ?" ಎಂದೆ.

ತೊಯ್ದ ಸೆರಗು ಹಿಂಡುತ್ತ ನಕ್ಕಳು. "ನಾವು ನೆನೆದ್ರೆ ಒಣಗ್ತೀವಿ ಕಣೋ. ಗಾರೆ ತೊಳ್ಕೊಂಡ್ ಹೋದ್ರೆ ವಾಪಸ್ ಬರ್ತದಾ? ನಮ್ ಸೀಮೆ ಹುಡುಗನ ಮೊದಲ್ನೇ ಮನೆ. ಸೋರ್ತದೆ ಅಂತ ಮೈಸೂರ್ನೋರು ನಗಬಾರ್ದು."

ಯಾರ ಹಂಗೂ ಇಲ್ಲದೆ ಮೇಲೆ ಬಂದೆ ಎಂದು ಹೇಳಿಕೊಳ್ಳಲು ನನಗೂ ಆಸೆ, ಆದರೆ ಮುನೆಮ್ಮನ ಮುಖ ನೆನಪಾಗಿ ನಾಲಿಗೆ ಏಳುವುದಿಲ್ಲ. ಈಗ ನನಗೆ ಒಂದು ಸ್ವಂತ ಮನೆ, ಗಾರೆ ಅರೆಯುವ ಒಂದು ಗಾಣ, ಒಂದು ಜೊತೆ ಎತ್ತು, ಎಂಟು ಜನ ಕೆಲಸಗಾರರು.