ಬೀಗಿತ್ತಿ ದೆವ್ವಕ್ಕೆ ಕೈ ಮುಗಿದದ್ದು

ಕಳೆದ ರವಿವಾರ, ನನ್ನ ತಂಗಿಯನ್ನು ನೋಡಲು ಬಂದಿದ್ದ ವರನ ತಾಯಿ, ತುಂಬಿದ ಥೇಟರಿನಲ್ಲಿ ದೆವ್ವಕ್ಕೆ ಕೈ ಮುಗಿದರು.

ಎರಡೂ ಕೈ ಎತ್ತಿ, ಕಣ್ಣು ಮುಚ್ಚಿ, ಪೂರ್ತಿ ಭಕ್ತಿಯಿಂದ. ಇದರಲ್ಲಿ ನನ್ನ ತಪ್ಪೆಷ್ಟು, ದೆವ್ವದ ತಪ್ಪೆಷ್ಟು ಎಂಬುದನ್ನು ನೀವೇ ಓದಿ ತೀರ್ಮಾನಿಸಿ. (ಮನೆಯಲ್ಲಿ ಆಗಲೇ ತೀರ್ಮಾನವಾಗಿದೆ. ಪೂರ್ತಿ ನನ್ನದೇ.)

ನಾನು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕ್ಲಾರ್ಕ್, ಅಂಬೇವಾಡಿಯಲ್ಲಿ ಮನೆ, ಜೊತೆಗೆ ಅವ್ವ ಮತ್ತು ತಂಗಿ ಸರೋಜಾ. ಇಷ್ಟು ನಿಮಗೆ ಗೊತ್ತು. ಸರೋಜಾಳಿಗೆ ವರ ಹುಡುಕುತ್ತಿರುವುದನ್ನು ಮಾತ್ರ ಈವರೆಗೆ ನಿಮಗೆ ಹೇಳಿರಲಿಲ್ಲ. ಹೇಳುವುದೇನಿತ್ತು? ಮೂರು ಕಡೆಯವರು ಬಂದರು, ಉಪ್ಪಿಟ್ಟು ತಿಂದರು, 'ಪತ್ರ ಹಾಕ್ತೇವ್ರಿ' ಎಂದು ಹೋದರು. ಒಂದು ಪತ್ರವೂ ಬರಲಿಲ್ಲ.

ಹುಡುಗಿಗೆ ಏನು ಕಡಿಮೆ? ರೂಪವಿದೆ, ಓದಿದ್ದಾಳೆ, ರೊಟ್ಟಿ ಬಡಿಯುತ್ತಾಳೆ. ಆದರೆ ನಗುತ್ತಾಳೆ. ಎಲ್ಲರೂ ನಗುತ್ತಾರೆ ಎನ್ನಬೇಡಿ. ಇವಳಿಗೆ ನಗು ಬಂದರೆ ತಡೆಯುವ ಉಪಾಯವೇ ಗೊತ್ತಿಲ್ಲ. ಮೊದಲನೆಯ ವರ ಚಹಾವನ್ನು ಬಸಿಗೆ ಹಾಕಿಕೊಂಡು ಸೊರ್ ಎಂದು ಎಳೆದದ್ದಕ್ಕೆ ನಕ್ಕಳು. ಮೂರನೆಯವರ ಸೋದರಮಾವ ಗಂಭೀರವಾಗಿ ಮಾತಾಡುತ್ತಾ ಸೀನಿದ್ದಕ್ಕೆ ನಕ್ಕಳು. ಹೀಗಾಗಿ ಈ ಸಲ ಅವ್ವ ಆಣೆ ಹಾಕಿಸಿಕೊಂಡಿದ್ದಳು.

"ಅವರು ಬಸ್ ಹತ್ತೂತನಕ ಒಂದ ಹಲ್ಲ ಕಾಣಸಬ್ಯಾಡ ನೀ."

ನಾಲ್ಕನೆಯವರು ತೇರಗಾಂವದವರು. ಹುಡುಗ ಶಿವಾನಂದ, ಹಳಿಯಾಳದಲ್ಲಿ ಕನ್ನಡ ಸಾಲಿಯ ಮಾಸ್ತರ. ಜೊತೆಗೆ ತಾಯಿ ಗಂಗವ್ವನವರು. ಎಡಗಿವಿ ಸ್ವಲ್ಪ ಮಂದ, ಉಳಿದದ್ದೆಲ್ಲ ಚುರುಕು. ಹುಡುಗ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ 'ಹೂಂ ರೀ' ಎಂಬುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಆದರೂ ಸರೋಜಾ ಒಳಗೆ ಹೋಗಿ ಅವ್ವನ ಮುಂದೆ, 'ಈ ಮನಷ್ಯಾ ಆದೀತು' ಎಂದಳಂತೆ. ಹಲ್ಲು ಕಾಣಿಸದೆ ಹೇಳಿದಳಂತೆ.

ಎಲ್ಲ ಸುಸೂತ್ರ. ಆದರೆ ಅವರ ಬಸ್ಸು ಸಂಜೆಗೆ. ನಡುವೆ ನಾಲ್ಕು ತಾಸು. ನೋಡುವುದು ಮುಗಿದ ಮೇಲೆ ನೋಡಬಂದವರನ್ನು ಏನು ಮಾಡಬೇಕು? ಇದಕ್ಕೆ ನಮ್ಮ ಹಿರಿಯರು ಯಾವ ಏರ್ಪಾಟನ್ನೂ ಮಾಡಿ ಹೋಗಿಲ್ಲ. ಎಲ್ಲರೂ ಗೋಡೆಯ ಕ್ಯಾಲೆಂಡರನ್ನು ಎರಡೆರಡು ಸಲ ಓದಿದೆವು.

ಇಲ್ಲಿ ನನ್ನದೊಂದು ಸ್ವಾರ್ಥ ಒಪ್ಪಿಕೊಳ್ಳಬೇಕು. ನಮ್ಮೂರಿನ ತಗಡಿನ ಥೇಟರಿಗೆ ಒಂದು ಹಿಂದಿ ದೆವ್ವದ ಪಿಕ್ಚರ್ ಬಂದಿತ್ತು. ಅಂದೇ ಕೊನೆಯ ದಿನ. ನೋಡಲೇಬೇಕೆಂದು ನನಗೆ ವಾರದಿಂದ ತುಡಿತ. ಆಫೀಸಿನಲ್ಲಿ ಇದೇ ವಾದ ನಡೆದಿತ್ತು: ದೆವ್ವದ ಪಿಕ್ಚರ್ ಹೆದರಿಸಬೇಕೋ, ಮಜಾ ಕೊಡಬೇಕೋ? ಪಕ್ಕದ ಮೇಜಿನವರು, 'ಮಜಾ ಬಂದ್ರ ಸಾಕು ಬಿಡ್ರಿ' ಎಂದಿದ್ದರು. ನನಗೆ ಸಿಟ್ಟು ಬಂದಿತ್ತು. ಹೆದರಿಸಲಾರದ ದೆವ್ವ ಯಾಕೆ ಬೇಕು? ಉಪ್ಪಿಲ್ಲದ ಉಪ್ಪಿನಕಾಯಿ ಯಾರಾದರೂ ತಿನ್ನುತ್ತಾರೆಯೇ?

"ದೆವ್ವದ ಪಿಕ್ಚರ್ ಬಂದೈತ್ರಿ, ಅವ್ವಾರ. ಹೋಗೂಣೇನ್ರಿ?" ಎಂದು ಗಂಗವ್ವನವರನ್ನು ಕೇಳಿದೆ. ಒಲ್ಲೆ ಎನ್ನುತ್ತಾರೆ ಎಂದೇ ತಿಳಿದಿದ್ದೆ. ನಾನು ಕುಳಿತದ್ದು ಅವರ ಎಡಕ್ಕೆ ಎಂಬುದು ಆಗ ನೆನಪಾಗಲಿಲ್ಲ.

ಗಂಗವ್ವನವರ ಮುಖ ಅರಳಿತು. "ಇಂಥಾ ಪುಣ್ಯದ ಕೆಲಸಕ್ಕ ಕೇಳಬೇಕೇನು ತಮ್ಮಾ? ನಡೀರಿ, ನಡೀರಿ."

ಎಂಥ ಗಟ್ಟಿ ಹೆಣ್ಣುಮಗಳು ಎಂದುಕೊಂಡೆ. ಹೊರಡುವಾಗ ತಟ್ಟೆಯಲ್ಲಿದ್ದ ಎರಡು ಸೇವಂತಿಗೆ ಹೂ ತೆಗೆದು ಸೆರಗಿಗೆ ಕಟ್ಟಿಕೊಂಡರು. ಥೇಟರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, 'ನೋಡಕೋರಪಾ' ಎಂದು ಗೇಟಿನವನಿಗೆ ಒಪ್ಪಿಸಿದರು. ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ದೇವರ ಪಿಕ್ಚರ್ ಬಂದಾಗ ನಮ್ಮೂರ ಹೆಂಗಸರೆಲ್ಲ ಮಾಡುವುದು ಇದನ್ನೇ. ಆದರೂ ನನ್ನ ತಲೆಗೆ ಹೋಗಲಿಲ್ಲ. ನಾನು ಕ್ಲಾರ್ಕ್ ಆಗಿಯೇ ಯಾಕೆ ಉಳಿದೆ ಎಂದು ನಿಮಗೀಗ ತಿಳಿದಿರಬಹುದು.

ಒಂದೇ ಬೆಂಚಿನಲ್ಲಿ ಐವರು: ಶಿವಾನಂದ, ನಾನು, ಗಂಗವ್ವನವರು, ಸರೋಜಾ, ಅವ್ವ. ಹಗಲಿನ ಆಟ. ತಗಡಿನ ತೂತುಗಳಿಂದ ಬಿಸಿಲಿನ ಕೋಲು ನೇರ ಪರದೆಯ ಮೇಲೆ. ಪಿಕ್ಚರಿನಲ್ಲಿ ಅಮಾವಾಸ್ಯೆ, ದೆವ್ವದ ಗಲ್ಲದ ಮೇಲೆ ದಾಂಡೇಲಿಯ ಬಿಸಿಲು. ಇಂಥಲ್ಲಿ ಹೆದರುವುದಾದರೂ ಹೇಗೆ?

ಅದೂ ಎಂಥ ದೆವ್ವ! ಚಿಕ್ಕವನಿದ್ದಾಗ ಹಳಿಯಾಳದ ಟೆಂಟಿನಲ್ಲಿ ನಾನು ನೋಡಿದ ದೆವ್ವಗಳೇ ಬೇರೆ. ಕೋರೆಹಲ್ಲು, ಹಿಂದುಮುಂದಾದ ಪಾದ, ಬಾಯಲ್ಲಿ ಹೊಗೆ. ಬರುತ್ತಿದ್ದವು, ಹೆದರಿಸುತ್ತಿದ್ದವು, ಹೋಗುತ್ತಿದ್ದವು. ಮಾತು ಕಡಿಮೆ, ಕೆಲಸ ಹೆಚ್ಚು. ಈಗಿನದ್ದು? ಇಸ್ತ್ರಿ ಮಾಡಿದ ಬಿಳಿ ಸೀರೆ, ಮುಖಕ್ಕೆ ಪೌಡರ್, ಕೈಯಲ್ಲಿ ಮೇಣಬತ್ತಿ. (ದೆವ್ವಕ್ಕೂ ಕತ್ತಲೆಯಲ್ಲಿ ಕಣ್ಣು ಕಾಣುವುದಿಲ್ಲವೇ?) ಮೇಲಾಗಿ ಹಾಡುತ್ತದೆ. ಪಲ್ಲವಿ, ಎರಡು ಚರಣ, ಹಿಂದೆ ಹತ್ತು ಪಿಟೀಲು. ಎರಡನೇ ಚರಣಕ್ಕೆ ಮಿಲ್ಲಿನ ಭೋಂಗಾ ಕೂಗಿತು. ಮುಂದಿನ ಪಾಳಿಯವರು ಡಬ್ಬಿ ಎತ್ತಿಕೊಂಡು ಎದ್ದು ಹೋದರು. ಹಳೆಯ ಕಾಲದ ದೆವ್ವವಾಗಿದ್ದರೆ ಅವರನ್ನು ಹಾಗೆ ಹೋಗಲು ಬಿಡುತ್ತಿತ್ತೇ?

ಗಂಗವ್ವನವರಿಗೆ ಹಿಂದಿ ಬಾರದು. ಹೊಗೆ ಎದ್ದಾಗ, 'ಧೂಪಾ ಹಾಕ್ಯಾರ' ಎಂದರು. ಕಿವಿ ಮಂದ ಇದ್ದವರ ಪಿಸುಮಾತು ನಿಮಗೆ ಗೊತ್ತಲ್ಲ? ನಾಲ್ಕು ಬೆಂಚಿಗೆ ಕೇಳಿಸಿತು. ನಾಯಕ ಬಿಳಿ ಸೀರೆಯ ಹಿಂದೆ ಓಡಿದಾಗ, 'ಭಕ್ತ ಭಾಳ ಕಷ್ಟಾ ಪಡಾಕತ್ತಾನ' ಎಂದರು. ಅವನು ಅವಳ ಮುಖ ಕಂಡು ಕಿರಿಚಿ ಬಿದ್ದಾಗ, 'ದರ್ಶನಾ ಆತು ನೋಡು' ಎಂದು ಎರಡೂ ಕೈ ಎತ್ತಿ ಮುಗಿದರು.

ಆಗ ನನಗೆ ತಿಳಿಯಿತು: ನಾನು 'ದೆವ್ವದ' ಎಂದದ್ದು ಆ ಎಡಗಿವಿಗೆ 'ದೇವರ' ಎಂದು ಕೇಳಿಸಿತ್ತು. ತಿಳಿದು ಏನು ಉಪಯೋಗ? ಅಷ್ಟರಲ್ಲಿ ಅವರು ಸೆರಗಿನ ಹೂ ಬಿಚ್ಚಿ ದೇವಿಯತ್ತ ಎಸೆದಾಗಿತ್ತು. ಹೂ ಪರದೆಯವರೆಗೆ ಹೋಗಲಿಲ್ಲ. ಮೂರು ಸಾಲು ಮುಂದಿದ್ದ ಒಬ್ಬರ ಬೋಳುತಲೆಯ ಮೇಲೆ ತಣ್ಣಗೆ ಬಿತ್ತು. ಅವರು ಎಂಥ ಕೂಗು ಹಾಕಿದರೆಂದರೆ ಅವರ ಪಕ್ಕದವರು ಕೂಗಿದರು, ಅವರ ಹಿಂದಿನವರು ಕೂಗಿದರು, ಕೊನೆಗೆ ಇಡೀ ಥೇಟರ್ ಕೂಗಿತು. ಆ ಪಿಕ್ಚರಿನಲ್ಲಿ ಜನ ಹೆದರಿದ್ದು ಅದೊಂದೇ ಸಲ. ಹೆದರಿಸಿದ್ದು ಸೇವಂತಿಗೆ ಹೂ.

ಸರೋಜಾ ನಕ್ಕಳು.

ಪಾಪ, ಪ್ರಯತ್ನ ಮಾಡಿದಳು. ಸೆರಗು ಕಚ್ಚಿದಳು, ಬಗ್ಗಿದಳು, ಅವ್ವ ತೊಡೆ ಚಿವುಟಿದಳು. ಒಮ್ಮೆ ಸೆರಗಿನಿಂದ ಜಾರಿದ ನಗು ಪಿಕ್ಚರ್ ಮುಗಿಯುವವರೆಗೂ ನಿಲ್ಲಲಿಲ್ಲ. ಗಂಗವ್ವನವರು ತಿರುಗಿ ಅವಳನ್ನೊಮ್ಮೆ ನೋಡಿದರು.

ಮನೆಗೆ ಬಂದು ಕುಳಿತ ಮೇಲೆ ಗಂಗವ್ವನವರು ಅವ್ವ ಕೊಟ್ಟ ಚಹಾ ಮುಟ್ಟಲಿಲ್ಲ. "ಸಿಟ್ಟಾಗಬ್ಯಾಡ್ರಿ," ಎಂದು ಅವ್ವನ ಕಡೆ ನೋಡಿ ಹೇಳಿದರು. "ಹುಡಗಿ ಚಲೋ ಅದಾಳ. ಆದ್ರ ದೇವರ ಮುಂದ ಹಲ್ಲ ಕಿಸಿಯೂ ಹುಡಗಿ, ನಾಳೆ ನಮ್ಮ ದೇವರ ಜಗಲಿ ಮುಂದ ಹೆಂಗ ಕುಂಡ್ರತಾಳ? ಊರಿಗೆ ಹೋಗಿ ಪತ್ರ ಹಾಕ್ತೇವ್ರಿ."

ಮತ್ತೆ ಪತ್ರ. ಸರೋಜಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಆಗ ಅವಳ ಮುಖದಲ್ಲಿ ನಗು ಇರಲಿಲ್ಲ. ನಗು ಇಲ್ಲದ ನನ್ನ ತಂಗಿಯ ಮುಖ ನಾನು ಹೆಚ್ಚು ನೋಡಿದವನಲ್ಲ.

ಹೇಳಬೇಕಾದದ್ದು ಒಂದೇ ಮಾತು: ಅದು ದೇವರಲ್ಲ. ಆದರೆ ಹೇಳುವುದು ಹೇಗೆ? 'ನೀವು ದೆವ್ವಕ್ಕೆ ಕೈ ಮುಗಿದಿರಿ' ಎಂದು ಬೀಗಿತ್ತಿಯಾಗುವವರ ಮುಖಕ್ಕೆ ಹೇಳಿದರೆ ಸಂಬಂಧ ಮುರಿಯುತ್ತದೆ. ಹೇಳದಿದ್ದರೂ ಮುರಿಯುತ್ತದೆ. ನಾನು ಕ್ಯಾಲೆಂಡರನ್ನು ಮೂರನೆಯ ಸಲ ಓದಿದೆ. ಅಷ್ಟೇ.

ಮಾತಾಡಿದವನು ಶಿವಾನಂದ.

"ಯವ್ವಾ, ಅದು ದೇವರಲ್ಲ. ದೆವ್ವ." ಮಾಸ್ತರ ಅಲ್ಲವೇ, ಪಾಠ ಅರ್ಧಕ್ಕೆ ಬಿಡುವ ಅಭ್ಯಾಸವಿಲ್ಲ. "ಖರೆ ಅಂದ್ರ ದೆವ್ವಾನೂ ಅಲ್ಲ. ಆಸ್ತಿ ಸಲವಾಗಿ ಆ ಹೀರೋನ ಕಾಕಾ ವೇಷಾ ಹಾಕಿಸಿ ಕಳಸಿದ ಹೆಣಮಗಳು."

"ಹಂಗಾರ ನಾ ಯಾರಿಗೆ ಕೈ ಮುಗದೆ?"

(ಈಗಿನ ದೆವ್ವದ ಪಿಕ್ಚರುಗಳ ಮೇಲೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಎಲ್ಲಿಯೂ ಓದಿಲ್ಲ.) ಗಂಗವ್ವನವರು ಮಗನನ್ನೇ ದಿಟ್ಟಿಸಿದರು.

"ನಿನಗ ಮೊದಲ ಗೊತ್ತಿತ್ತು. ಮತ್ತ ನೀ ಯಾಕ ನಗಲಿಲ್ಲ?"

"ಹೆದರಿಕಿ ಆಗಿತ್ತು."

"ದೆವ್ವಕ್ಕೇನು?"

"ನಿನಗ."

ಮುಗಿಯಿತು ಎಂದುಕೊಂಡೆ. ಗಂಗವ್ವನವರು ಆರಿದ ಚಹಾ ಎತ್ತಿಕೊಂಡು ಒಂದು ಗುಟುಕು ಕುಡಿದರು.

"ನಮ್ಮ ಮನ್ಯಾಗ ಇವನೂ ನನಗ ಹೆದರತಾನ, ಇವರಪ್ಪನೂ ಹೆದರತಾರ. ಯಾರೂ ನಗೂದಿಲ್ಲ. ಹೆದರಲಾರದಾಕಿ ಒಬ್ಬಾಕಿ ಬರಲಿ," ಎಂದರು. ಬಾಗಿಲ ಕಡೆ ತಿರುಗಿ, "ಬಾ ಇಲ್ಲೆ. ನಾ ಕೈ ಮುಗದದ್ದು ಅಷ್ಟ ನಗೂ ಹಂಗ ಇತ್ತೇನು?"

ಸರೋಜಾ ಅವ್ವನ ಆಣೆ ಮತ್ತೆ ಮರೆತು, ಹಲ್ಲೆಲ್ಲ ಕಾಣಿಸಿ, "ಹೂಂ ರೀ," ಎಂದಳು.

ಪತ್ರದ ಮಾತು ಅಲ್ಲಿಗೆ ಬಿಟ್ಟುಹೋಯಿತು. ಸಕ್ಕರೆ ಹಂಚಿ, ಮುಹೂರ್ತದ ಮಾತಾಡಿಯೇ ಅವರು ಬಸ್ ಹತ್ತಿದರು. ನಾನು ಗೆದ್ದವನಂತೆ ಮನೆಗೆ ಬಂದೆ. ಇನ್ನು ಆಫೀಸಿನ ವಾದವೊಂದು ಉಳಿದಿತ್ತು. ಪಿಕ್ಚರ್ ಹೆದರಿಸಿತೋ, ಮಜಾ ಕೊಟ್ಟಿತೋ? ಸರೋಜಾಳನ್ನು ಕೇಳುವಂತಿರಲಿಲ್ಲ. ಅವ್ವನನ್ನು ಕೇಳಿದೆ: ದೆವ್ವ ಕಂಡು ಹೆದರಿಕೆ ಆಯಿತೇ?

ಅವ್ವ ಕಪ್ಪು-ಬಸಿ ಎತ್ತುತ್ತಿದ್ದಳು.

"ದೆವ್ವಾ ನಾ ಎಲ್ಲೆ ನೋಡ್ದೆ? ಮೂರೂ ತಾಸು ಬೀಗಿತ್ತಿ ಮುಖಾನ ನೋಡಕೋತ ಕುಂತಿದ್ದೆ."

ಹೆದರಿಸುವ ಪಿಕ್ಚರ್ ತೆಗೆಯುತ್ತೇವೆ ಎನ್ನುವವರು, ಒಂದು ಸಲ ಹೆಣ್ಣು ಹೆತ್ತವರ ಬೆಂಚಿನಲ್ಲಿ ಕೂತು ನೋಡಬಾರದೇ?