ಅಪ್ಪಾಜಿ ಪಂಕ್ತಿಯಲ್ಲಿ ಕುಳಿತ ಭಾನುವಾರ

ಚನ್ನಗಿರಿಯ ನಮ್ಮ ಕ್ರೈಸ್ತ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ; ಯೇಸುವಿನ ನೆನಪಿಗೆ ರೊಟ್ಟಿಯ ಚೂರು, ದ್ರಾಕ್ಷಾರಸ ತೆಗೆದುಕೊಳ್ಳುವ ಸಂಸ್ಕಾರ. ಅದಕ್ಕೆ ಬೇಕಾದ ದ್ರಾಕ್ಷಾರಸ ಹಿಂದಿನ ಸಂಜೆ ಬಸವಾಪಟ್ಟಣದ ನಮ್ಮ ಅಡುಗೆಮನೆಯಲ್ಲಿ ತಯಾರಾಗುತ್ತಿತ್ತು. ಅಪ್ಪಾಜಿ ತಮ್ಮ ಕಿರಾಣಿ ಅಂಗಡಿಯಿಂದ ಕಪ್ಪು ಒಣದ್ರಾಕ್ಷಿ ತಂದು, ಬೆಳಕಿಗೆ ಕುಳಿತು ಒಂದೊಂದೇ ತೊಟ್ಟು ಬಿಡಿಸುವರು. ಅವ್ವ ಅದನ್ನು ನೆನೆಸಿ, ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಸಕ್ಕರೆ ಬೆರೆಸಿ, ಮೊದಲ ಚಮಚವನ್ನು ಅಪ್ಪಾಜಿಯ ಮುಂದೆ ಹಿಡಿಯುವಳು.

"ಸಿಹಿ ಸಾಕೇನು, ನೋಡ್ರಿ."

"ಇನ್ನೊಂಚೂರು ಹಾಕು. ನಿಮ್ಮೋರು ಮುಖ ಕಿವುಚಿಕೊಂಡು ಆಮೆನ್ ಅನ್ನಂಗೆ ಆಗಬಾರದು."

ರುಚಿ ನೋಡಿದ ಆ ಮನುಷ್ಯ ಮಾತ್ರ ಮರುದಿನ ಆ ರಸವನ್ನು ಕುಡಿಯುತ್ತಿರಲಿಲ್ಲ. ಅವ್ವ ಹೊನ್ನಾಳಿಯ ಕ್ರೈಸ್ತ ಮನೆತನದವಳು; ಅಪ್ಪಾಜಿ ಹಣೆಗೆ ವಿಭೂತಿ ಹಚ್ಚದೆ ಅಂಗಡಿಯ ಬಾಗಿಲು ತೆರೆಯದವರು. ಮದುವೆಯಾದ ಹೊಸತರಲ್ಲಿ ಎರಡೂ ಕಡೆಯವರು ಆಡುವಷ್ಟು ಆಡಿ ಸುಮ್ಮನಾದರಂತೆ. ಅವರಿಬ್ಬರು ಮಾತ್ರ ಒಬ್ಬರನ್ನೊಬ್ಬರು ಬದಲಾಗು ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ನಮ್ಮ ನಡುಮನೆಯಲ್ಲಿ ಅಪ್ಪಾಜಿಯ ಪೂಜೆಯ ಗೂಡು, ಅದರ ಪಕ್ಕದ ಗೂಡಿನಲ್ಲಿ ಅವ್ವನ ಬೈಬಲ್ಲು. ಧೂಳು ಒರೆಸುವಾಗ ಇಬ್ಬರೂ ಎರಡನ್ನೂ ಒರೆಸುತ್ತಿದ್ದರು.

ಭಾನುವಾರ ಬೆಳಿಗ್ಗೆ ಅಪ್ಪಾಜಿ ಅಂಗಡಿ ಮುಚ್ಚಿ ಅವ್ವನನ್ನು ಬೈಕಿನಲ್ಲಿ ಚನ್ನಗಿರಿಗೆ ಕರೆದೊಯ್ಯುವರು. ನಾನು ಚಿಕ್ಕವಳಿದ್ದಾಗ ಮುಂದೆ ಟ್ಯಾಂಕಿನ ಮೇಲೆ ಕುಳಿತು ಹೋಗುತ್ತಿದ್ದೆ, ದೊಡ್ಡವಳಾದ ಮೇಲೆ ಬಸ್ಸಿನಲ್ಲಿ. ಸಭೆಯಲ್ಲಿ ಜಮಖಾನದ ಮೇಲೆ ಬಲಕ್ಕೆ ಗಂಡಸರು, ಎಡಕ್ಕೆ ಹೆಂಗಸರು. ಅಪ್ಪಾಜಿ ಒಳಗೆ ಬರುತ್ತಿರಲಿಲ್ಲ. ಎಡಗಡೆಯ ಕಿಟಕಿಯ ಹೊರಗಿದ್ದ ಕಲ್ಲುಕಟ್ಟೆಯ ಮೇಲೆ ಕುಳಿತು ಹಾಡು, ಪಾಸ್ಟರ್ ಹೇಳುವ ಪ್ರಸಂಗ, ಪ್ರಾರ್ಥನೆ ಎಲ್ಲವನ್ನೂ ಕೇಳಿಸಿಕೊಳ್ಳುವರು. ಬುಧವಾರದ ಮನೆ ಪ್ರಾರ್ಥನೆಯ ಸರದಿ ನಮ್ಮದಾದಾಗ ಜಮಖಾನ ಹಾಸುವವರೂ ಅವರೇ. ಹಾಸಿ ಹಿತ್ತಲಿಗೆ ಹೋಗಿಬಿಡುವರು. ಕೊನೆಯ ಹಾಡು ಶುರುವಾಯಿತೆಂದರೆ ಒಲೆಯ ಮೇಲೆ ಚಹಾ ಇಟ್ಟ ಸದ್ದು ನಮಗೆ ಕೇಳುತ್ತಿತ್ತು. ಪ್ರಸಂಗ ಉದ್ದವಾದ ದಿನ, "ಪಾಸ್ಟರೇ, ಇವತ್ತು ಹಾಲು ಎರಡು ಸಲ ಉಕ್ಕೈತೆ ನೋಡ್ರಿ" ಎಂದು ಲೋಟ ಕೊಡುವರು.

ದೀಕ್ಷಾಸ್ನಾನ ಪಡೆದು ಮೊದಲ ಬಾರಿ ಆ ರೊಟ್ಟಿಯ ಚೂರನ್ನು ಅಂಗೈಯಲ್ಲಿ ಹಿಡಿದ ದಿನ ನನಗೆ ಆದದ್ದು ಸಂತೋಷವೇ. ಆದರೆ ಆ ಸಂತೋಷದ ಪಕ್ಕದಲ್ಲಿ ಒಂದು ಜಾಗ ಖಾಲಿಯಿತ್ತು. ಮನೆಯಲ್ಲಿ ಮೂವರೂ ಕೂಡಿ ಕುಳಿತು ಉಣ್ಣುವ ನಾವು ಇಲ್ಲಿ ಮಾತ್ರ ಬೇರೆಯಾಗುತ್ತಿದ್ದೆವು. ಅಪ್ಪಾಜಿ ಈ ಪಂಕ್ತಿಯಲ್ಲಿ ಒಮ್ಮೆಯಾದರೂ ಕುಳಿತಿರಬೇಕು: ನನ್ನ ಆಸೆ ಅಷ್ಟೇ ಆಗಿತ್ತು. ಅವರು ತಮ್ಮ ವಿಭೂತಿಯನ್ನು ಬಿಡಲಿ ಎಂದು ನಾನು ಬಯಸಿದವಳಲ್ಲ. ಈ ಮಾತನ್ನು ಎರಡೂ ಕಡೆಯವರು ನಂಬುವುದು ಕಷ್ಟ. ಆದರೂ ಹೇಳಬೇಕಾದದ್ದು ಇದೇ.

ದಾವಣಗೆರೆಯ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ವಾದವನ್ನು ಸರಿಯಾಗಿ ಕಟ್ಟಿದರೆ ಜಗತ್ತು ಒಂದು ಗೇಣಾದರೂ ಸರಿಯುತ್ತದೆ ಎಂಬ ನಂಬಿಕೆ ನನ್ನಲ್ಲಿ ಅಲ್ಲಿಯೇ ಬೇರೂರಿತು. ಓದು ಮುಗಿಸಿ ಬಂದಾಗ ಸಭೆಯ ಒಂದು ರೂಢಿ ನನ್ನ ಕಣ್ಣಿಗೆ ಚುಚ್ಚತೊಡಗಿತು. ಭೋಜನಕ್ಕೆ ಮುಂಚೆ ಪಾಸ್ಟರ್ ಸ್ವಲ್ಪ ತಡೆಯುವರು. ದೀಕ್ಷಾಸ್ನಾನವಾಗಿ ಸಭೆಗೆ ಸೇರದವರಿಗೆ ರೊಟ್ಟಿಯಿಲ್ಲ; ಅವರು ಆ ಮೌನದಲ್ಲಿ ಎದ್ದು ಹೊರಗೆ ಹೋಗಬೇಕು. ಯಾರೂ ಹೋಗೆಂದು ಹೇಳುತ್ತಿರಲಿಲ್ಲ, ಆದರೂ ಹೋಗುತ್ತಿದ್ದರು. ಹಾಗೆ ಎದ್ದು ಹೋಗುವ ಮುಜುಗರ ಬೇಡವೆಂದೇ ಅಪ್ಪಾಜಿ ಒಳಗೆ ಬರುವುದಿಲ್ಲ ಎಂದು ನಾನು ತೀರ್ಮಾನಿಸಿದ್ದೆ.

ಒಂದು ಭಾನುವಾರ ಆರಾಧನೆಯ ನಂತರ ಸೇರಿದ ಸಭೆಯಲ್ಲಿ ನನ್ನ ವಿಚಾರ ಮಂಡಿಸಿದೆ. ಯಾರೂ ಎದ್ದು ಹೋಗುವುದು ಬೇಡ. ರೊಟ್ಟಿ, ರಸ ತೆಗೆದುಕೊಳ್ಳದವರ ತಲೆಯ ಮೇಲೆ ಪಾಸ್ಟರ್ ಕೈಯಿಟ್ಟು ಆಶೀರ್ವದಿಸಲಿ. ಇದರಿಂದ ಸಂಸ್ಕಾರದ ನಿಯಮಕ್ಕೆ ಭಂಗವಿಲ್ಲ, ಬಂದವರಿಗೆ ಅವಮಾನವೂ ಇಲ್ಲ.

ಭೋಜನದ ದಿನ ರೊಟ್ಟಿಯ ತಟ್ಟೆ ಹಿಡಿದು ಸಾಲಿನುದ್ದಕ್ಕೂ ಬಡಿಸುವ ಸಭೆಯ ಹಿರಿಯರೊಬ್ಬರು ತಲೆ ಕೆರೆದುಕೊಂಡರು. "ಅದೆಲ್ಲ ಸರಿನಮ್ಮ. ಬಡಿಸ್ಕಂತ ಹೋಗೋನು ನಾನು. ಪಂಕ್ತಿಯಾಗೆ ಕುಂತೋರ್ನ ಒಬ್ಬರನ್ನ ದಾಟಿ ಇನ್ನೊಬ್ಬರಿಗೆ ಹೆಂಗೆ ಬಡಸಾದು? ನಮ್ಮ ಕಡೆ ಎಲ್ಲಾದ್ರೂ ಐತೇನು?"

"ದಾಟುವುದಲ್ಲ, ಅಣ್ಣಾರೇ. ನಿಮ್ಮ ಹಿಂದೆಯೇ ಪಾಸ್ಟರ್ ಬರುತ್ತಾರಲ್ಲ, ಅವರ ಪಾಲಿನದು ಆಶೀರ್ವಾದ."

"ಮಾತಿನಾಗೆ ನಿನ್ನ ಗೆಲ್ಲಾಕೆ ಆಗಲ್ಲ ಬಿಡು."

ಅಂದು ಪಾಸ್ಟರ್‌ಗೆ ಇನ್ನೂ ಹೊನ್ನಾಳಿ, ನ್ಯಾಮತಿಗಳ ಮಧ್ಯಾಹ್ನದ ಆರಾಧನೆಗಳು ಕಾದಿದ್ದವು. ಅವರು ಗಡಿಯಾರ ನೋಡಿ, ಮುಂದಿನ ತಿಂಗಳಿಂದ ಹೀಗೆಯೇ ನಡೆಯಲಿ ಎಂದರು.

ಅಪ್ಪಾಜಿಯನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು. "ನಂಗೆ ಹೊರಗೇ ಗಾಳಿ ಚೆನ್ನಾಗೈತೆ" ಎನ್ನುವರು. ಕೊನೆಗೆ ನಾನು ವಾದ ಬಿಟ್ಟು, "ನನಗೋಸ್ಕರ ಬನ್ನಿ" ಎಂದೆ. ಅವರು ಅವ್ವನ ಮುಖ ನೋಡಿದರು. ಅವ್ವ ದ್ರಾಕ್ಷಿ ಸೋಸುತ್ತಿದ್ದವಳು ತಲೆಯೆತ್ತಲಿಲ್ಲ.

ಆ ಭಾನುವಾರ ಅಪ್ಪಾಜಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ವಿಭೂತಿಯೊಂದಿಗೇ ಬಂದು ಗಂಡಸರ ಕಡೆ ಕೊನೆಯ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು. ಪಕ್ಕದವರು ಸರಿದು ಜಾಗ ಕೊಟ್ಟರು. ಭೋಜನದ ಹೊತ್ತಿಗೆ ಯಾರೂ ಎದ್ದು ಹೋಗಲಿಲ್ಲ. ನಾನು ಅವ್ವನ ಪಕ್ಕದಲ್ಲಿ ಕುತ್ತಿಗೆ ಹೊರಳಿಸಿ ಅವರನ್ನೇ ನೋಡುತ್ತಿದ್ದೆ.

ಹಿರಿಯರು ತಟ್ಟೆ ಹಿಡಿದು ಬಂದರು. ಅಪ್ಪಾಜಿಯ ಎದುರು ನಿಂತರು. ಮುಂದಕ್ಕೆ ಹೋಗಬೇಕಿತ್ತು, ಹೋಗಲಿಲ್ಲ. ತಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡ, ತಮಗೆ ಎಷ್ಟೋ ಸಲ ಚಹಾ ಕೊಟ್ಟ ಮನುಷ್ಯ ಸಾಲಿನಲ್ಲಿ ಕುಳಿತಿದ್ದಾರೆ, ಕೈಯಲ್ಲಿ ತಟ್ಟೆಯಿದೆ. ದಾಟಿ ಹೋಗುವುದು ಅವರಿಂದ ಸಾಧ್ಯವಾಗಲಿಲ್ಲ. ಒಂದು ಚೂರನ್ನು ಅಪ್ಪಾಜಿಯ ಅಂಗೈಗೆ ಇಟ್ಟೇಬಿಟ್ಟರು. ಬಡಿಸಿದವರಿಗೆ ಬೇಡವೆನ್ನುವುದು ಅಪ್ಪಾಜಿಯಿಂದಲೂ ಸಾಧ್ಯವಾಗಲಿಲ್ಲ. ಅವರು ಕೈ ಮುಚ್ಚಿಕೊಂಡರು. ಹಿಂದೆ ಬಂದ ಪಾಸ್ಟರ್ ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆರಾಧನೆ ಮುಗಿಯುವವರೆಗೂ ಅಪ್ಪಾಜಿಯ ಬಲಗೈ ಮುಷ್ಟಿ ಬಿಚ್ಚಲಿಲ್ಲ.

ಜನ ಕರಗಿದ ಮೇಲೆ ಅವರು ಪಾಸ್ಟರ್ ಬಳಿ ಹೋಗಿ ಕೈ ಬಿಚ್ಚಿದರು. ರೊಟ್ಟಿ ಬೆವರಿಗೆ ಮೆತ್ತಗಾಗಿತ್ತು.

"ಇದು ನಿಮ್ಮದು. ತಪ್ಪಿ ನನ್ನ ಕೈಗೆ ಬಂದೈತೆ."

"ತಿಂದುಬಿಡಬಹುದಿತ್ತಲ್ಲ, ಅಣ್ಣ."

"ಹಸಿವಿಗೆ ಕೊಟ್ಟಿದ್ರೆ ತಿಂತಿದ್ದೆ. ಇವಳು ಇದನ್ನ ತಿಂದ ಮ್ಯಾಲೆ ಮಧ್ಯಾಹ್ನದ ತನಕ ಮಾತಾಡಲ್ಲ. ಅಂಥಾದ್ದನ್ನ ನಾನು ಸುಮ್ಮನೆ ಬಾಯಿಗೆ ಹಾಕ್ಕಂಡ್ರೆ ಹೆಂಗೆ?"

ಇವಳು ಎಂದರೆ ಅವ್ವ. ಪಾಸ್ಟರ್ ಆ ಚೂರನ್ನು ತೆಗೆದುಕೊಂಡು, ಅಪ್ಪಾಜಿಯ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡರು. ಹಿರಿಯರು ಬಾಗಿಲ ಬಳಿ ನಿಂತು, "ನಾನು ಆವತ್ತೇ ಹೇಳಿದ್ದೆ, ನಂಗೆ ದಾಟಾಕೆ ಬರಲ್ಲ ಅಂತ" ಎಂದು ಯಾರಿಗೋ ಹೇಳುತ್ತಿದ್ದರು.

ಅಪ್ಪಾಜಿಗೆ ಚನ್ನಗಿರಿಯಲ್ಲಿ ಅಂಗಡಿಯ ಸಾಮಾನು ತರುವುದಿತ್ತು. ಅವ್ವ ನನ್ನೊಡನೆ ಮಧ್ಯಾಹ್ನದ ಬಸ್ಸು ಹತ್ತಿದಳು. ಸೀಟಿನಲ್ಲಿ ಕುಳಿತ ಮೇಲೆ ನಾನು ಮಾತು ತೆಗೆದೆ. "ಮುಂದಿನ ಸಲ ತಟ್ಟೆ ಹಿಡಿಯೋ ಅಣ್ಣಾರಿಗೆ ಸರಿಯಾಗಿ ಹೇಳಿಡೋಣ, ಅವ್ವ. ಆಗ ಅಪ್ಪಾಜಿ ಒಳಗೇ ಕೂರಬಹುದು."

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು: "ಹೊರಗೆ ಕುಂತ್ರೆ ಕಿಟಕಿಯಾಗೆ ನಂಗೆ ಕಾಣ್ತಿದ್ರು. ಹಾಡಿಗೆ ಕಾಲು ಕುಣಿಸೋದೂ ಕಾಣ್ತಿತ್ತು. ಇವತ್ತು ಆ ಗಂಡಸರ ಹಿಂದೆ ಎಲ್ಲಿ ಕುಂತಿದ್ರೋ, ಒಂದ್ಸಲಾನೂ ಕಾಣಲಿಲ್ಲ."

ನೆರಳಿದೆಯೆಂದು ಅಪ್ಪಾಜಿ ಆ ಕಟ್ಟೆಯನ್ನು ಆರಿಸಿಕೊಂಡಿದ್ದಾರೆ ಎಂದು ನಾನು ಅಲ್ಲಿಯವರೆಗೂ ತಿಳಿದಿದ್ದೆ. ಬೆಳಗಿನ ಹೊತ್ತು ಬಿಸಿಲು ಬೀಳುವುದು ಆ ಕಡೆಗೇ ಎಂಬುದು ಬಸ್ಸು ಊರು ದಾಟಿದ ಮೇಲೆ ನೆನಪಾಯಿತು. ಮುಂದಿನ ಭಾನುವಾರದಿಂದ ಅವರು ಮತ್ತೆ ಅಲ್ಲಿಯೇ ಕುಳಿತರು.

ನನ್ನ ವಾದವನ್ನು ನಾನು ಹಿಂತೆಗೆದುಕೊಂಡಿಲ್ಲ. ಚನ್ನಗಿರಿಯ ಸಭೆಯಲ್ಲಿ ಈಗ ಭೋಜನದ ಹೊತ್ತಿಗೆ ಯಾರೂ ಎದ್ದು ಹೋಗುವುದಿಲ್ಲ. ಪಾಸ್ಟರೇ ತಟ್ಟೆ ಹಿಡಿದು ಮುಂದೆ ಬರುತ್ತಾರೆ. ಹೊಸಬರು ತಲೆಬಾಗಿ ಆಶೀರ್ವಾದ ಪಡೆದು ನೆಮ್ಮದಿಯಿಂದ ಕೂರುತ್ತಾರೆ. ಅಷ್ಟು ಒಳ್ಳೆಯದು ಆಗಿದೆ. ನನಗೆ ಬೇಕಾಗಿದ್ದದ್ದು ಆಗಿಲ್ಲ. ಅವರಿಬ್ಬರ ನಡುವೆ ಕಿಟಕಿಯ ಸರಳುಗಳ ಮೂಲಕ ವಾರವಾರವೂ ನಡೆಯುವ ಒಡನಾಟಕ್ಕೆ ಏನೂ ಕೊರತೆಯಿಲ್ಲ ಎಂದು ನನಗೆ ತಿಳಿದಿದೆ. ಕೊರತೆ ಮಗಳದು. ಅದನ್ನು ವಾದದಿಂದ ತುಂಬಲು ಬರುವುದಿಲ್ಲ.

ಈಗ ನಾನು ಜಗಳೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಇಲ್ಲಿಯ ಚಿಕ್ಕ ಸಭೆಯಲ್ಲಿ ತಿಂಗಳಿಗೊಮ್ಮೆ ರೊಟ್ಟಿ ಅಂಗೈಗೆ ಬಂದಾಗ, ಅದನ್ನು ಬಾಯಿಗೆ ಹಾಕುವ ಮುನ್ನ ನನ್ನ ಬೆರಳುಗಳು ತಾವಾಗಿ ಒಮ್ಮೆ ಮುಚ್ಚಿಕೊಳ್ಳುತ್ತವೆ. ಕಳೆದ ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಯಾರಿಗಾಗಿ ಪ್ರಾರ್ಥಿಸಬೇಕು ಎಂದು ಎಲ್ಲರನ್ನೂ ಕೇಳುತ್ತಾ ಬಂದ ಹಿರಿಯ ಹೆಂಗಸು ನನ್ನ ಬಳಿಯೂ ಬಂದರು.

"ನಮ್ಮ ಅಪ್ಪಾಜಿಗೆ" ಎಂದೆ.

"ಏನಾಗೈತಮ್ಮ? ಆರಾಮಿಲ್ವಾ?"

"ಆರಾಮಾಗಿದ್ದಾರೆ."

"ಸಭೆಗೆ ಬರಾಕೆ ಒಲ್ಲೆ ಅಂತಾರೇನು?"

"ಪ್ರತಿ ವಾರವೂ ಹೋಗುತ್ತಾರೆ."

"ಮತ್ತೆ ಏನಂತ ಕೇಳ್ಕಳಾನ?"

ಅಪ್ಪಾಜಿ ತಮ್ಮತನವನ್ನು ಬಿಡದೆ, ಅವ್ವನ ಕಣ್ಣಿಂದ ಮರೆಯಾಗದೆ, ಆದರೂ ನನ್ನ ಪಕ್ಕದಲ್ಲಿ ಬಂದು ಕುಳಿತಿರಬೇಕು ಎಂಬುದನ್ನು ಯಾವ ವಾಕ್ಯದಲ್ಲಿ ಇಡಬೇಕೋ ತಿಳಿಯಲಿಲ್ಲ. ಆ ಹೆಂಗಸು ನನ್ನ ತೋಳು ತಟ್ಟಿ, ಮುಂದಿನವರನ್ನು ಕೇಳಲು ಹೋದರು. ಪ್ರಾರ್ಥನೆಯ ಹೊತ್ತಿಗೆ, ವಯಸ್ಸಾದವರಿಗೆಲ್ಲ ಕೇಳುವ ಹಾಗೆ, ನಮ್ಮ ಅಪ್ಪಾಜಿಯ ಕಣ್ಣು, ಮಂಡಿಗಳನ್ನು ಕಾಪಾಡು, ಆಯಸ್ಸು ಕೊಡು ಎಂದು ಬೇಡಿಕೊಂಡರು. ನಾನು ಎಲ್ಲರ ಜೊತೆ ಆಮೆನ್ ಎಂದೆ.