ನಾನು ಅಳಿಸಿದ ಭೌತಶಾಸ್ತ್ರ

ಮೊಮ್ಮಗಳು ರಬ್ಬರು ಉಜ್ಜುವ ಸದ್ದು ಕೇಳಿದರೆ ನಾನು ಕೋಣೆ ಬಿಟ್ಟು ಎದ್ದು ಹೋಗುತ್ತೇನೆ. ಇವತ್ತು ಮೊಣಕಾಲು ಹಿಡಿದಿತ್ತು, ಏಳಲಾಗಲಿಲ್ಲ. ಕೂತಲ್ಲೇ ನಿಮಗೆ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದಲ್ಲಿ ನಮ್ಮೂರಿನ ರೋಜಾ ಬಡಾವಣೆಯ ಹತ್ತಿರ ನನ್ನದೊಂದು ಹಳೆ ಪುಸ್ತಕದ ಅಂಗಡಿ ಇತ್ತು. ನಾನು ಓದಿದ್ದು ಮ್ಯಾಟ್ರಿಕ್ ತನಕ. ಆದರೂ ಕಾಲೇಜು ಸೇರುವ ಮಕ್ಕಳಿಗೆ ಯಾವ ಪುಸ್ತಕ ಒಳ್ಳೆಯದೆಂದು ಪ್ರಿನ್ಸಿಪಾಲರ ಗತ್ತಿನಲ್ಲಿ ಹೇಳುತ್ತಿದ್ದೆ. ನನ್ನ ಹಳೆ ಪುಸ್ತಕಗಳು ಹೊಸದರಂತೆ ಇರುತ್ತವೆಂಬ ಹೆಮ್ಮೆ ಬೇರೆ. ಹಿಂದಿನವರು ಪೆನ್ಸಿಲಿನಲ್ಲಿ ಗೀಚಿದ್ದನ್ನೆಲ್ಲ ರವಿವಾರ ಕೂತು ಅಳಿಸುತ್ತಿದ್ದೆ. ಏನು ಬರೆದಿದ್ದಾರೆಂದು ಓದುವ ಗೋಜಿಗೆ ಹೋಗುತ್ತಿರಲಿಲ್ಲ.

ಜೂನ್ ತಿಂಗಳ ಒಂದು ಶನಿವಾರ ಕಮಲಾಪುರದಿಂದ ಮಹಾದೇವಿ ಎಂಬ ಹುಡುಗಿ ಬಂದಳು. ಹತ್ತನೆಯದರವರೆಗೆ ಕನ್ನಡದಲ್ಲಿ ಓದಿದವಳು. ಪಿಯುಸಿಯಲ್ಲಿ ಸೈನ್ಸ್ ಎಂದರೆ ಎಲ್ಲ ಇಂಗ್ಲಿಷು. ರಾಶಿಯಿಂದ ಒಂದು ಭೌತಶಾಸ್ತ್ರದ ಪುಸ್ತಕ ಎಳೆದು ಅಲ್ಲೇ ಕುಕ್ಕರಿಸಿದಳು. ಏನು ಕಂಡಳೋ, ಮುಖ ಅರಳಿತು.

“ಕಾಕಾ, ಇದನ್ನ ಯಾರಿಗೂ ಕೊಡಬ್ಯಾಡ್ರಿ. ಸೋಮವಾರ ಅಪ್ಪನ್ನ ಕರ್ಕೊಂಡ ಬರ್ತೀನಿ. ಇದ ನೋಡಿದ್ರ ಸೈನ್ಸಿಗೆ ಹಚ್ಚತಾನ.”

ಇಷ್ಟು ಆಸೆಪಟ್ಟ ಹುಡುಗಿಗೆ ಚೊಕ್ಕ ಪುಸ್ತಕ ಕೊಡಬೇಕೆಂದು ರವಿವಾರ ಬೆಳಗಿನಿಂದ ಸಂಜೆಯವರೆಗೆ ಅದೊಂದನ್ನೇ ಉಜ್ಜಿದೆ.

ಸೋಮವಾರ ಅಪ್ಪ ಬಂದ. ಟೇಲರ್. ಕೂಡ್ರಿ ಅಂದರೂ ಕೂರಲಿಲ್ಲ. “ನಿನಗ ಇಂಗ್ಲಿಷ್ ಹ್ಯಾಂಗ ತಿಳೀತದ, ತೋರಸು” ಎಂದ.

ಅವಳು ಪುಸ್ತಕ ತೆರೆದಳು. ಒಂದು ಹಾಳೆ, ಇನ್ನೊಂದು, ಮತ್ತೊಂದು. ಮತ್ತೆ ಮೊದಲ ಹಾಳೆಗೆ ಬಂದಳು. “ಅಪ್ಪಾ, ಒಂದೊಂದ ಶಬ್ದದ ಮ್ಯಾಲೂ ಕನ್ನಡದಾಗ ಅರ್ಥ ಬರದಿತ್ತು… ಕಾಕಾ, ಎಲ್ಲಿ ಹೋದವ್ರಿ?”

“ಬರದಿತ್ತೇನ್ರಿ ಸಾವ್ಕಾರ?” ಟೇಲರ್ ನನ್ನತ್ತ ತಿರುಗಿದ.

ನಾನೇ ಅಳಿಸಿದೆ ಅಂದಿದ್ದರೆ ಮುಗಿಯುತ್ತಿತ್ತು. ಹಿಂದೆ ಇಬ್ಬರು ಗಿರಾಕಿಗಳು ನಿಂತು ಕೇಳುತ್ತಿದ್ದರು. ನನ್ನೊಳಗಿನ ಪ್ರಿನ್ಸಿಪಾಲರಿಗೆ ನಾಚಿಕೆಯಾಯಿತು.

“ಇಲ್ರಿ. ಈಕಿ ಬ್ಯಾರೆ ಪುಸ್ತಕ ನೋಡಿರಬೇಕು.”

ಟೇಲರ್ ನಕ್ಕ. “ಅಂಗಿ ಹೊಲಿಯಾಂವ ನಾ, ಕಥಿ ಹೊಲಿಯಾಕಿ ನೀ! ನಡಿ, ಆರ್ಟ್ಸ್ ಸಾಕು.” ಅಂದವನೇ ಮೆಟ್ಟಿಲಿಳಿದ.

ಮಹಾದೇವಿ ಹಾಳೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದಳು. ಒತ್ತಿ ಬರೆದ ಅಕ್ಷರಗಳ ಗುರುತು ಕಾಗದದಲ್ಲಿ ಹಾಗೇ ಉಳಿದಿತ್ತು. ಅವಳೂ ನೋಡಿದಳು, ನಾನೂ ನೋಡಿದೆ. ನಾನು ಅವಳ ಅಪ್ಪನನ್ನು ಕೂಗುತ್ತೇನೆಂದು ಕಾದಳು. ನಾನು ಪುಸ್ತಕದ ಸಾಲು ಸರಿಪಡಿಸುತ್ತ ನಿಂತೆ.

“ಭಾಳ ಚೊಕ್ಕ ಮಾಡೀರಿ, ಕಾಕಾ” ಎಂದು ಪುಸ್ತಕ ನನ್ನ ಕೈಗಿಟ್ಟು ಹೋದಳು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ನಿಮ್ಮ ಜೊತೆ ಮೊಮ್ಮಗಳಿಗೂ ಹೇಳಿದಂತಾಯಿತು. ಅವಳು ಕೇಳಿದ್ದು ಒಂದೇ: “ಆಮ್ಯಾಲ ಅವರಪ್ಪಗ ಹೇಳಿದಿರೇನಜ್ಜಾ?”

“ಇಲ್ಲವ್ವಾ.”

“ಕಮಲಾಪುರ ಏನ್ ದೂರ ಅದ?”

ಚಪ್ಪಲಿ ತಂದು ಮುಂದಿಟ್ಟಿದ್ದಾಳೆ, ಜೊತೆಗೆ ಬರುತ್ತಾಳಂತೆ. ಟೇಲರ್ ಇದ್ದಾನೋ ಇಲ್ಲವೋ, ಮಹಾದೇವಿ ಯಾವ ಊರಲ್ಲಿದ್ದಾಳೋ ತಿಳಿಯದು. ಆ ಮನೆಯ ಬಾಗಿಲು ಯಾರು ತೆರೆದರೂ ಸರಿ, ಹೇಳುವುದಿಷ್ಟೇ: ಅವತ್ತು ಹುಡುಗಿ ಹೇಳಿದ್ದು ಖರೆ ಇತ್ತು.